ಮುದ್ದೆ ಬಿಟ್ಟ ನಾಲ್ಕು ತಿಂಗಳು

ಹೋದ ವರ್ಷ ವರ್ಷತೊಡಕಿಗೆ ಹೆಂಡತಿಯ ಊರಿಗೆ ಹೋಗಿದ್ದೆ. ಮದ್ದೂರಿನ ಹತ್ತಿರದ ಹಳ್ಳಿ. ಬೆಳಗಾಗುವಷ್ಟರಲ್ಲಿ ಗುಡ್ಡೆ ಮಾಂಸ ಮನೆಗೆ ಬಂದಿತ್ತು. ಮಧ್ಯಾಹ್ನ ಊಟಕ್ಕೆ ಕೂತರೆ ದೊಡ್ಡ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಆಮೇಲೆ ಅನ್ನ. "ಇನ್ನರ್ಧ ಮುದ್ದೆ ಹಾಕಿಸ್ಕೊಳ್ಳಿ, ವರ್ಷಕ್ಕೊಂದು ದಿನ" ಅಂದರು ಅತ್ತೆ. ಹಾಕಿಸಿಕೊಂಡೆ. ನನಗೆ ಸಕ್ಕರೆ ಕಾಯಿಲೆ ಇದೆ. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದರೆ ಮೀಟರ್‌ನಲ್ಲಿ 268.

ಮಾರನೇ ದಿನ ರಾತ್ರಿ ಬೆಂಗಳೂರಿಗೆ ವಾಪಸ್ ಬಂದೆವು. ಅತ್ತೆ ಡಬ್ಬಿಗೆ ಹಾಕಿಕೊಟ್ಟಿದ್ದ ಅದೇ ಸಾರು ಇತ್ತು. ಇಬ್ಬರಿಗೂ ಸುಸ್ತು, ಮುದ್ದೆ ಮಾಡುವ ಮನಸ್ಸು ಯಾರಿಗೂ ಇರಲಿಲ್ಲ. ಸಾರು ಬಿಸಿ ಮಾಡಿಕೊಂಡು ಬರೀ ತುಂಡುಗಳನ್ನು ತಿಂದೆ. ಜೊತೆಗೆ ಸೌತೆಕಾಯಿ, ಎರಡು ಬೇಯಿಸಿದ ಮೊಟ್ಟೆ. ಎರಡು ಗಂಟೆ ಆದ ಮೇಲೆ ನೋಡಿದರೆ 134. ನಂಬಿಕೆ ಬರದೆ ಇನ್ನೊಂದು ಬೆರಳು ಚುಚ್ಚಿದೆ. 131.

ಆ ರಾತ್ರಿಯೇ ತೀರ್ಮಾನ ಮಾಡಿಬಿಟ್ಟೆ. ಮುದ್ದೆ, ಅನ್ನ, ಚಪಾತಿ, ಇಡ್ಲಿ, ದೋಸೆ ಎಲ್ಲ ಬಂದ್. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಕೋಳಿ, ರಾತ್ರಿ ಮಟನ್. ಯೂಟ್ಯೂಬ್‌ನಲ್ಲಿ ಕಾರ್ನಿವೋರ್ ಅಂತ ಹೇಳುವ ಊಟಕ್ಕೆ ಹೆಚ್ಚುಕಮ್ಮಿ ಹತ್ತಿರ. ಆಗ ನನ್ನ ಎಚ್‌ಬಿಎ1ಸಿ 8.6 ಇತ್ತು. ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ ಅದು, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂತ ಅರ್ಥ. ನಾಲ್ಕು ತಿಂಗಳಲ್ಲಿ ಅದು 6.4ಕ್ಕೆ ಇಳಿಯಿತು. ತೂಕ 79 ಕೆಜಿಯಿಂದ 72 ಆಯಿತು. ಇಷ್ಟನ್ನೇ ಬರೆದು ನಿಲ್ಲಿಸಿದರೆ ಈ ಪೋಸ್ಟ್ ಸಾವಿರ ಜನರಿಗೆ ಶೇರ್ ಆಗಬಹುದು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಯಾರಿಗಾದರೂ ಅಪಾಯ ಆದೀತು. ಅದಕ್ಕೇ ಉಳಿದದ್ದನ್ನೂ ಬರೆಯುತ್ತಿದ್ದೇನೆ.

ಎರಡನೇ ವಾರ. ರಾತ್ರಿ ಎರಡೂವರೆಗೆ ಎಚ್ಚರ ಆಯಿತು. ಬನಿಯನ್ ಒದ್ದೆ, ಕೈ ನಡುಗುತ್ತಿತ್ತು, ಎದೆ ಡವಡವ. ಹೆಂಡತಿಯನ್ನು ಕೂಗಬೇಕು, ಮಾತು ಹೊರಡುತ್ತಿಲ್ಲ. ಅವಳೇ ಎದ್ದು ಲೈಟ್ ಹಾಕಿ ಮೀಟರ್ ತಂದಳು. 54. ಅಡುಗೆಮನೆಗೆ ಓಡಿ ಸಕ್ಕರೆ ನೀರು ಕದಡಿಕೊಂಡು ಬಂದು ಕುಡಿಸಿದಳು. ಕಾಲು ಗಂಟೆ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಮತ್ತೆ ನೋಡಿದಾಗ 88. ಅವಳು ಎದ್ದಿರದಿದ್ದರೆ ಅನ್ನುವ ಯೋಚನೆ ಈಗಲೂ ಬರುತ್ತದೆ.

ಆಗಿದ್ದಿಷ್ಟು. ನಾನು ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆಯನ್ನೂ ತಗೊಳ್ಳುತ್ತಿದ್ದೆ. ಈ ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ನೀವು ಮುದ್ದೆ ತಿಂದಿದ್ದೀರೋ ಬಿಟ್ಟಿದ್ದೀರೋ ಅದಕ್ಕೆ ಗೊತ್ತಿಲ್ಲ. ಒಂದೂವರೆ ಮುದ್ದೆ, ಅನ್ನ ತಿನ್ನುವವನಿಗೆ ಬರೆದುಕೊಟ್ಟ ಡೋಸ್ ಅದು. ಊಟ ಬದಲಾಯಿಸಿದೆ, ಡೋಸ್ ಹಾಗೇ ಬಿಟ್ಟೆ. ಡಾಕ್ಟರಿಗೆ ಒಂದು ಮಾತು ಹೇಳಿರಲಿಲ್ಲ. ತಪ್ಪು ನನ್ನದೇ. ಮಾರನೇ ದಿನ ಹೋಗಿ ಹೇಳಿದಾಗ ಅವರು ಮೊದಲು ಮಾಡಿದ್ದೇ ಆ ಮಾತ್ರೆ ನಿಲ್ಲಿಸಿದ್ದು. ಮೆಟ್‌ಫಾರ್ಮಿನ್ ಒಂದನ್ನೇ ಉಳಿಸಿದರು.

ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಇನ್ನೊಂದು ಜಾತಿಯ ಮಾತ್ರೆ ಇದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುವ ಮಾತ್ರೆಗಳು. ಇವನ್ನು ನುಂಗುತ್ತಾ ಕೀಟೋ, ಅಂದರೆ ಪಿಷ್ಟ ಬಿಟ್ಟು ಕೊಬ್ಬಿನ ಮೇಲೆ ನಡೆಸುವ ಊಟ, ಮಾಡಿದರೆ ರಕ್ತ ಆಮ್ಲೀಯ ಆಗುವ ಕೀಟೋಆಸಿಡೋಸಿಸ್ ಬರಬಹುದು. ಅದೂ ಮೀಟರ್‌ನಲ್ಲಿ ಸಕ್ಕರೆ ಅಷ್ಟೇನೂ ಏರದೆ. ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ. "ಮಾಂಸ ತಿನ್ನಿ, ಮಾತ್ರೆ ಬಿಸಾಕಿ" ಅನ್ನುವ ವಿಡಿಯೋಗಳಲ್ಲಿ ಈ ಮಾತನ್ನು ನಾನು ಒಂದು ಸಲವೂ ಕೇಳಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ನಿಜವಾದ ಸಿಟ್ಟಿದೆ.

ಈಗ ಆ 268 ಮತ್ತು 134ರ ವಿಷಯ. ದೊಡ್ಡವರೊಬ್ಬರ ಮೈಯ ಅಷ್ಟೂ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಸಕ್ಕರೆ ಸುಮಾರು 5 ಗ್ರಾಂ. ಒಂದು ಟೀ ಚಮಚ, ಅಷ್ಟೇ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಮಾಡಿದ ಮುದ್ದೆಯಲ್ಲಿ ಹತ್ತಿರ ಹತ್ತಿರ 70 ಗ್ರಾಂ ಪಿಷ್ಟ ಇರುತ್ತದೆ. ಅದೆಲ್ಲ ಕರಗಿ ಗ್ಲೂಕೋಸ್ ಆಗಿ ರಕ್ತಕ್ಕೇ ಬರಬೇಕು. ಇನ್ಸುಲಿನ್ ಅದನ್ನು ಬೇಗ ಬೇಗ ಮಾಂಸಖಂಡಕ್ಕೆ, ಲಿವರ್‌ಗೆ ಸೇರಿಸಬೇಕು. ನನ್ನಂಥವರ ಮೈಯಲ್ಲಿ ಆ ಕೆಲಸ ನಿಧಾನ. ಸಕ್ಕರೆ ರಕ್ತದಲ್ಲೇ ನಿಂತುಬಿಡುತ್ತದೆ. ಮಾಂಸದಲ್ಲಿ ಪಿಷ್ಟ ಇಲ್ಲವೇ ಇಲ್ಲ ಅನ್ನಬಹುದು. ಅದರ ಪ್ರೋಟೀನ್‌ಗೂ ಇನ್ಸುಲಿನ್ ಬರುತ್ತದೆ, ಆದರೆ ರಕ್ತಕ್ಕೆ ಒಂದೇ ಸಲ ಸಕ್ಕರೆ ಸುರಿಯುವುದಿಲ್ಲ.

"ರಾಗಿ ಶುಗರ್‌ಗೆ ಒಳ್ಳೇದು" ಅಂತ ನಾನೂ ಕೇಳಿಕೊಂಡೇ ಬೆಳೆದವನು. ರಾಗಿಯಲ್ಲಿ ನಾರಿದೆ, ಕ್ಯಾಲ್ಸಿಯಂ ಅಂತೂ ಅಕ್ಕಿಗಿಂತ ಎಷ್ಟೋ ಪಾಲು ಜಾಸ್ತಿ. ಒಳ್ಳೇದೇ. ಆದರೆ ನುಣ್ಣಗೆ ಬೀಸಿ, ಮೆತ್ತಗೆ ಬೇಯಿಸಿ, ಅಗಿಯದೆ ನುಂಗಿದರೆ ಅದೂ ಬೇಗ ಸಕ್ಕರೆ ಆಗುತ್ತದೆ. ದಿನವಿಡೀ ಗದ್ದೆಯಲ್ಲಿ ದುಡಿಯುತ್ತಿದ್ದ ನಮ್ಮಜ್ಜನ ಮಾಂಸಖಂಡ ಆ ಸಕ್ಕರೆಯನ್ನು ಎಳೆದುಕೊಳ್ಳುತ್ತಿತ್ತು. ನಾನು ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂರುವವನು.

ನಮ್ಮ ದೇಹದ ಕಥೆಯೂ ಬೇರೆ. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಫೋಟೋ ಬಂದಿತ್ತು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಪಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ಮೈಯ ಕೊಬ್ಬು ಅಳೆದರೆ ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ಸಣ್ಣಗೆ ಕಾಣುವ ನಮ್ಮವರಿಗೂ ಶುಗರ್ ಯಾಕೆ ಬರುತ್ತದೆ ಅಂತ ನನಗೆ ಅರ್ಥ ಆಗಿದ್ದು ಅದನ್ನು ನೋಡಿದಾಗ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಕೊಟ್ಟ ಲೆಕ್ಕದಲ್ಲಿ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅದೇ ಸಮೀಕ್ಷೆಯ ಪ್ರಕಾರ ನಾವು ತಿನ್ನುವ ಕ್ಯಾಲೊರಿಯಲ್ಲಿ ಶೇ. 62ರಷ್ಟು ಬರುವುದು ಅನ್ನ, ಗೋಧಿಯಂಥವುಗಳ ಪಿಷ್ಟ ಮತ್ತು ಸಕ್ಕರೆಯಿಂದ.

ನನ್ನ ಕಥೆಗೆ ಬರುತ್ತೇನೆ. ಎರಡನೇ ತಿಂಗಳಲ್ಲೂ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 120ರ ಕೆಳಗೆ ಇಳಿಯಲೇ ಇಲ್ಲ. ಮನೆಗೆ ಬಂದಿದ್ದ ಅತ್ತೆ ಮೀಟರ್ ನೋಡಿ, "ರಾತ್ರಿ ಒಂದು ಅಗಳೂ ತಿಂದಿಲ್ವಲ್ಲಾ, ಸಕ್ಕರೆ ಎಲ್ಲಿಂದ ಬಂತು?" ಅಂದರು. ತುಂಬಾ ಒಳ್ಳೇ ಪ್ರಶ್ನೆ. ಅದು ಲಿವರ್ ಮಾಡಿದ ಸಕ್ಕರೆ. ಮೆದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ನಾವು ತಿನ್ನದಿದ್ದರೆ ಲಿವರ್ ಪ್ರೋಟೀನ್‌ನಿಂದ, ಕೊಬ್ಬಿನ ಒಂದು ಭಾಗದಿಂದ ತಾನೇ ತಯಾರಿಸುತ್ತದೆ. ಉಳಿದ ಕೊರತೆಯನ್ನು ಲಿವರ್ ಕೊಬ್ಬಿನಿಂದ ಮಾಡುವ ಕೀಟೋನ್ ಅನ್ನುವ ಇಂಧನ ತುಂಬುತ್ತದೆ. ಸಕ್ಕರೆ ಕಾಯಿಲೆ ಇರುವವರ ಲಿವರ್ ಈ ಕೆಲಸವನ್ನು ಬೇಕಾದ್ದಕ್ಕಿಂತ ಜಾಸ್ತಿ ಮಾಡುತ್ತದೆ. ಮುದ್ದೆ ಬಿಟ್ಟ ಮಾತ್ರಕ್ಕೆ ಅದು ಸುಮ್ನೆ ಕೂರಲಿಲ್ಲ.

ಜೂನ್‌ನಲ್ಲಿ ಅಣ್ಣನ ಮಗಳ ಮದುವೆ. ಎರಡು ತಿಂಗಳ ಮೇಲೆ ಒಂದು ಒಬ್ಬಟ್ಟು, ಎರಡು ಸೌಟು ಅನ್ನ ತಿಂದೆ. ಮೀಟರ್ 281 ತೋರಿಸಿತು. ವರ್ಷತೊಡಕಿಗಿಂತ ಜಾಸ್ತಿ! ಕಾಯಿಲೆಯೇ ಹೋಯಿತು ಅಂದುಕೊಂಡಿದ್ದವನಿಗೆ ದೊಡ್ಡ ಪೆಟ್ಟು. ಡಾಕ್ಟರ್ ಬಿಡಿಸಿ ಹೇಳಿದರು. ಕೊಬ್ಬಿನ ಮೇಲೆ ಓಡುವುದಕ್ಕೆ ಒಗ್ಗಿಕೊಂಡ ಮೈಗೆ ಒಂದೇ ಸಲ ಪಿಷ್ಟ ಕೊಟ್ಟರೆ ತಕ್ಷಣ ಸಂಭಾಳಿಸಲು ಆಗುವುದಿಲ್ಲ. ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಗೆ ಮುಂಚೆ ಮೂರು ದಿನ ದಿನಕ್ಕೆ 150 ಗ್ರಾಂ ಆದರೂ ಪಿಷ್ಟ ತಿನ್ನಿ ಅಂತ ಹೇಳುವುದು ಇದಕ್ಕೇ. ಅಂದರೆ ನನ್ನ ಮೀಟರ್ ಕಡಿಮೆ ತೋರಿಸುತ್ತಿದ್ದುದು ನಾನು ಮೈ ಮೇಲೆ ಭಾರ ಹೊರಿಸಿರಲಿಲ್ಲ ಅನ್ನುವ ಕಾರಣಕ್ಕೆ. ಭಾರ ಹೊರುವ ಶಕ್ತಿ ಬಂದಿದೆಯೋ ಇಲ್ಲವೋ ಅನ್ನುವುದು ಬೇರೆ ಲೆಕ್ಕ.

ಆ ಶಕ್ತಿ ಹೇಗೆ ಬರುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ಡೈರೆಕ್ಟ್ ಅನ್ನುವ ಪ್ರಯೋಗ ನೋಡಬೇಕು. ನ್ಯೂಕ್ಯಾಸಲ್‌ನ ರಾಯ್ ಟೇಲರ್, ಗ್ಲಾಸ್ಗೋದ ಮೈಕ್ ಲೀನ್ ಮಾಡಿದ್ದು. ಫಲಿತಾಂಶ ಬಂದಿದ್ದು 2017ರಲ್ಲಿ. ಮಾತ್ರೆ ನಿಲ್ಲಿಸಿ, ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಪಾನೀಯ ಮಾತ್ರ ಕೊಟ್ಟರು. ಒಂದು ವರ್ಷದ ಹೊತ್ತಿಗೆ ಶೇ. 46 ಜನರಿಗೆ ಮಾತ್ರೆ ಇಲ್ಲದೆಯೇ ಸಕ್ಕರೆ ಹತೋಟಿಗೆ ಬಂದಿತ್ತು. 15 ಕೆಜಿ ಅಥವಾ ಅದಕ್ಕಿಂತ ಜಾಸ್ತಿ ಇಳಿಸಿದವರಲ್ಲಿ ಶೇ. 86 ಜನರಿಗೆ. ಆ ಪಾನೀಯದ ಅರ್ಧಕ್ಕಿಂತ ಜಾಸ್ತಿ ಕ್ಯಾಲೊರಿ ಪಿಷ್ಟ, ಸಕ್ಕರೆಯದ್ದೇ ಆಗಿತ್ತು! ಅಲ್ಲಿ ಕೆಲಸ ಮಾಡಿದ್ದು ಲಿವರ್ ಮತ್ತು ಮೇದೋಜೀರಕದಲ್ಲಿ ಕೂತಿದ್ದ ಕೊಬ್ಬು ಕರಗಿದ್ದು. ನನ್ನ ಏಳು ಕೆಜಿ ಇಳಿದಿದ್ದು ನನಗೆ ಆದ ನಿಜವಾದ ಲಾಭ ಅಂತ ಈಗ ನಂಬಿದ್ದೇನೆ.

ಇನ್ನೊಂದು ಪ್ರಯೋಗ ಮಾಂಸದ ಊಟದ್ದೇ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನು ನಾಲ್ಕು ವಾರ ಒಳಗೇ ಇರಿಸಿಕೊಂಡಿತು. ಎರಡು ವಾರ ಮಾಂಸ, ಕೊಬ್ಬಿನ ಕೀಟೋ ಊಟ, ಎರಡು ವಾರ ಕೊಬ್ಬು ಕಡಿಮೆಯ ಸಸ್ಯಾಹಾರ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. 2021ರಲ್ಲಿ ಫಲಿತಾಂಶ ಬಂತು. ಕೀಟೋದಲ್ಲಿ ಸಕ್ಕರೆ, ಇನ್ಸುಲಿನ್ ಎರಡೂ ಕಡಿಮೆ. ಆದರೆ ಸಸ್ಯಾಹಾರದ ಎರಡು ವಾರದಲ್ಲಿ ಜನ ದಿನಕ್ಕೆ ಹತ್ತಿರ ಹತ್ತಿರ 700 ಕ್ಯಾಲೊರಿ ಕಡಿಮೆ ತಿಂದಿದ್ದರು. ಇವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ ಅನ್ನುವುದನ್ನೂ ನೆನಪಿಡಿ. ಮಾಂಸವೇ ಸರಿ, ಸೊಪ್ಪೇ ಸರಿ ಅಂತ ಜಗಳ ಆಡುವ ಎರಡು ಕಡೆಯವರೂ ಇದರಲ್ಲಿ ತಮಗೆ ಬೇಕಾದ ಅರ್ಧವನ್ನಷ್ಟೇ ಹೇಳುತ್ತಾರೆ.

ನನ್ನ ಕೊಲೆಸ್ಟ್ರಾಲ್ ಕೂಡ ಹೇಳಬೇಕು. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 112 ಇದ್ದದ್ದು ನಾಲ್ಕು ತಿಂಗಳಲ್ಲಿ 168 ಆಗಿತ್ತು. ದಿನಾ ಚರ್ಬಿ ಇರುವ ಮಟನ್, ಕೈತುಂಬಾ ಬೆಣ್ಣೆ. ಶುಗರ್ ಇರುವವರಿಗೆ ಹೃದಯದ ಅಪಾಯ ಮೊದಲೇ ಜಾಸ್ತಿ, ಅಲ್ವಾ? ಒಂದು ಕಡೆ ಇಳಿಸಿ ಇನ್ನೊಂದು ಕಡೆ ಏರಿಸಿಕೊಂಡಿದ್ದೆ.

ಅಷ್ಟರಲ್ಲಿ ಶ್ರಾವಣ ಬಂತು. ನಮ್ಮ ಮನೆಯಲ್ಲಿ ಶ್ರಾವಣದಲ್ಲಿ ಬಾಡು ಬೇಯಿಸುವುದಿಲ್ಲ. ನನಗೆ ಗಾಬರಿ, ಸಕ್ಕರೆ ಮತ್ತೆ ಏರುತ್ತದೆ ಅಂತ. ಹೆಂಡತಿ ಹುರುಳಿಕಾಳಿನ ಬಸ್ಸಾರು ಮಾಡಿದಳು. ಬಸಿದ ಕಾಳು, ಸೊಪ್ಪಿನ ಪಲ್ಯ ತಟ್ಟೆ ತುಂಬಾ ಹಾಕಿದಳು. ಜೊತೆಗೆ ಮೊಸರು, ಒಂದು ಹಿಡಿ ಕಡಲೆಕಾಯಿ ಬೀಜ, ಪುಟ್ಟ ಮುದ್ದೆ. ಕಾಳು, ಪಲ್ಯ ಮೊದಲು ತಿಂದು ಮುದ್ದೆ ಕೊನೆಗೆ ತಿಂದೆ. ಊಟ ಆದ ಮೇಲೆ ಇಪ್ಪತ್ತು ನಿಮಿಷ ಬೀದಿಯಲ್ಲಿ ನಡೆದೆ. ಎರಡು ಗಂಟೆ ಬಿಟ್ಟು ನೋಡಿದರೆ 146. ಮಾರನೇ ದಿನ ಅಲಸಂದೆ, 151. ಮೂರನೇ ದಿನ ಪನ್ನೀರ್, 139.

ಆ ತಿಂಗಳು ಪೂರ್ತಿ ಹಾಗೇ ನಡೆಯಿತು. ನನ್ನ ಸಕ್ಕರೆ ಇಳಿಸಿದ್ದು ಮಾಂಸ ಅಲ್ಲ. ತಟ್ಟೆಯಲ್ಲಿ ಮುದ್ದೆ, ಅನ್ನದ ರಾಶಿ ಇರಲಿಲ್ಲ, ಅದು ಇಳಿಸಿದ್ದು. ಮಾಂಸ ಆ ಜಾಗವನ್ನು ತುಂಬಿತ್ತು ಅಷ್ಟೇ. ಆ ಜಾಗವನ್ನು ಕಾಳು, ಮೀನು, ಮೊಟ್ಟೆ, ಸೊಪ್ಪು ಕೂಡ ತುಂಬುತ್ತವೆ. ಮಾಂಸ ಮುಟ್ಟದ ಗೆಳೆಯರು ಇನ್‌ಬಾಕ್ಸ್‌ನಲ್ಲಿ "ನಮಗೆ ದಾರಿ ಇಲ್ವಾ" ಅಂತ ಕೇಳುತ್ತಿರುತ್ತೀರಿ. ಖಂಡಿತ ಇದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಎಷ್ಟು ಅಂತ ಡಾಕ್ಟರನ್ನು ಕೇಳಿಯೇ ಹೆಚ್ಚಿಸಿ.

ಈಗ ಮಟನ್ ವಾರಕ್ಕೊಂದು ದಿನ. ಉಳಿದ ದಿನ ಮೀನು, ಕೋಳಿ, ಕಾಳು. ಎಚ್‌ಬಿಎ1ಸಿ 6.6, ಎಲ್‌ಡಿಎಲ್ 121. ಮೆಟ್‌ಫಾರ್ಮಿನ್ ಇನ್ನೂ ನಡೆಯುತ್ತಿದೆ. 6.4 ಅಂತ ಹೇಳಿಕೊಳ್ಳುವ ಖುಷಿ ಹೋಯಿತು, ಆದರೆ ಇದನ್ನು ಹತ್ತು ವರ್ಷ ನಡೆಸಿಕೊಂಡು ಹೋಗಬಲ್ಲೆ ಅನ್ನಿಸುತ್ತದೆ.

ಈ ಸಲದ ವರ್ಷತೊಡಕಿಗೂ ಹೋಗಿದ್ದೆವು. ಎಲ್ಲರ ಮುದ್ದೆ ಕಟ್ಟಿ ಆದ ಮೇಲೆ ಅತ್ತೆ ಕೈಗೆ ನೀರು ಮುಟ್ಟಿಸಿಕೊಂಡು, ಮಡಕೆಯ ತಳದಲ್ಲಿ ಉಳಿದಿದ್ದರಲ್ಲಿ ನಿಂಬೆಹಣ್ಣಿಗಿಂತ ಚೂರು ದೊಡ್ಡ ಉಂಡೆ ಮಾಡಿದರು. ನನ್ನ ತಟ್ಟೆಗೆ ಮೊದಲು ನಾಲ್ಕು ತುಂಡು, ಸೊಪ್ಪಿನ ಪಲ್ಯ ಬಡಿಸಿದರು. ಉಂಡೆಯನ್ನು ಪಕ್ಕದ ಬಟ್ಟಲಲ್ಲಿ ಇಟ್ಟು, "ಇದು ಕೊನೇಗೆ, ನೆನಪಿರಲಿ" ಅಂದರು.