ಹಣ್ಣಿನ ಗಿಡ ಕೀಳುವ ಮೊದಲು: ಪುಣೆಯಿಂದ ಒಬ್ಬ ಶಿರಸಿಯವನ ಅನಿಸಿಕೆ

ಪುಣೆಯ ಕೋಥ್ರೂಡ್, ಕರ್ವೆನಗರ, ಸಹಕಾರನಗರಗಳಲ್ಲಿ ಹಳೆಯ ಬಂಗಲೆಗಳೂ ಮೂರಂತಸ್ತಿನ ಸೊಸೈಟಿಗಳೂ ಒಂದೊಂದಾಗಿ ಒಡೆದು ಹೊಸದಾಗಿ ಏಳುತ್ತಿರುವ ಈ ದಿನಗಳಲ್ಲಿ, ಇಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. ಅಂಗಳದಲ್ಲಿ ಇಷ್ಟು ವರ್ಷ ಹಣ್ಣು ಕೊಟ್ಟ ಪೇರಲವನ್ನೋ ನಿಂಬೆಯನ್ನೋ ಬೇರುಸಹಿತ ಎತ್ತಿ, ಮುಳಶಿಯ ಕಡೆಗೋ ಸಾಸವಡದ ಕಡೆಗೋ ಕೊಂಡಿಟ್ಟ ತುಂಡು ಜಾಗದಲ್ಲಿ ನೆಡಬಹುದೇ? ಈ ಪ್ರಶ್ನೆ ಹುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಕಟ್ಟಡದವರು ತಗಡಿನ ಬೇಲಿ ಹಾಕಿರುತ್ತಾರೆ, ಜೆಸಿಬಿ ಬರುವ ದಿನವೂ ಗೊತ್ತಾಗಿರುತ್ತದೆ. ಗಿಡ ಬದುಕುವುದೋ ಸಾಯುವುದೋ ಎಂಬುದು ಅದನ್ನು ಕೀಳುವ ದಿನಕ್ಕಿಂತ ಬಹಳ ಮೊದಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಮೊದಲಿನ ಕೆಲಸದಲ್ಲಿ ನಮ್ಮ ಮಲೆನಾಡಿನ ಕ್ರಮಕ್ಕೂ ಈ ದಖ್ಖನಿನ ಕ್ರಮಕ್ಕೂ ಇರುವ ವ್ಯತ್ಯಾಸವನ್ನು ತಿಳಿದುಕೊಳ್ಳದೆ ಇಲ್ಲಿ ಹಣ್ಣಿನ ಗಿಡ ನೆಡುವುದು ಕಷ್ಟ.

ನಾನು ಶಿರಸಿಯ ಕಡೆಯವನು. ಅಲ್ಲಿ ಮೃಗಶಿರ ಮಳೆ ಹಿಡಿದು ಆರಿದ್ರಾ ಬರುವ ಹೊತ್ತಿಗೆ, ಮನೆಯ ಹಿಂದಿನ ಬ್ಯಾಣವೆಂಬ ಹುಲ್ಲುಗಾವಲಿನಲ್ಲೋ ತೋಟದ ಅಂಚಿನಲ್ಲೋ ಗುದ್ದಲಿಯಿಂದ ಒಂದು ಮೊಳದಷ್ಟು ಗುಂಡಿ ತೋಡಿ, ಹಲಸಿನ ಸಸಿಯನ್ನೋ ಮಾವಿನ ಕಸಿಯನ್ನೋ ಇಟ್ಟು, ಬುಡಕ್ಕೆ ಒಂದು ಬುಟ್ಟಿ ದರಗು, ಅಂದರೆ ಒಣ ಎಲೆ, ಸುರಿದು, ದನ ಬಾಯಿ ಹಾಕದಂತೆ ಮುಳ್ಳಿನ ಗೂಡು ಕಟ್ಟಿದರೆ ಮನುಷ್ಯನ ಪಾಲಿನ ಕೆಲಸ ಹೆಚ್ಚು ಕಡಿಮೆ ಮುಗಿಯಿತು. ವರ್ಷಕ್ಕೆ 2500 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ, ಬಿದ್ದ ನೀರನ್ನು ತಡೆದು ನಿಲ್ಲಿಸದೆ ಇಳಿಸಿಬಿಡುವ ಕೆಂಪು ಜಂಬಿಟ್ಟಿಗೆ ಮಣ್ಣಿನ ಊರದು. ನಾಲ್ಕು ತಿಂಗಳು ಆಕಾಶವೇ ನೀರು ಹಾಕುತ್ತದೆ. ಬೇಸಿಗೆಯಲ್ಲಿ ಸುತ್ತಲಿನ ಮರಗಳ ನೆರಳು ಸಸಿಯನ್ನು ಕಾಯುತ್ತದೆ. ಬಾಳೆಗೂ ತೆಂಗಿಗೂ ಬಚ್ಚಲ ನೀರು ಹೋಗುತ್ತದೆ. ಇಂಥ ಊರಿನಲ್ಲಿ ಹಣ್ಣಿನ ಮರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಪ್ರಸಂಗವೇ ಅಪರೂಪ, ಏಕೆಂದರೆ ಎಲ್ಲಿ ಬೇಕೋ ಅಲ್ಲೇ ಚಿಕ್ಕದಾಗಿ ನೆಟ್ಟಿರುತ್ತಾರೆ.

ಪುಣೆಯ ನೆಲದ ಲೆಕ್ಕ ಬೇರೆ. ಇಲ್ಲಿ ವರ್ಷದ ಮಳೆ ಸುಮಾರು 700 ಮಿಲಿಮೀಟರ್. ಅದೂ ಒಂದೇ ಸಮನೆ ಬರುವುದಿಲ್ಲ, ನಡುವೆ ವಾರಗಟ್ಟಲೆ ಬಿಡುವು ಕೊಡುತ್ತದೆ. ಮೇಲೆ ಕಪ್ಪು ಮಣ್ಣು, ಅದರ ಕೆಳಗೆ ಮೊರಂ ಎಂಬ ಗರಸು ಮಣ್ಣು, ಅದಕ್ಕೂ ಕೆಳಗೆ ಬಸಾಲ್ಟ್ ಬಂಡೆ. ಕೆಲವೆಡೆ ಎರಡಡಿ ಅಗೆಯುವಷ್ಟರಲ್ಲೇ ಹಾರೆ ಕಲ್ಲಿಗೆ ತಾಗುತ್ತದೆ. ಆದ್ದರಿಂದಲೇ ಈ ಸೀಮೆಯ ಹಳೆಯ ರೈತರು ಹಣ್ಣಿನ ಗಿಡದ ಗುಂಡಿಯನ್ನು ಏಪ್ರಿಲ್–ಮೇ ತಿಂಗಳಲ್ಲೇ ತೋಡುತ್ತಾರೆ. ಮಾವಿಗೆ ಉದ್ದ, ಅಗಲ, ಆಳ ಒಂದೊಂದು ಮೀಟರಿನ ಗುಂಡಿ, ಪೇರಲ ಮತ್ತು ನಿಂಬೆಗೆ 60 ಸೆಂಟಿಮೀಟರಿನದು. ಮೇಲ್ಮಣ್ಣನ್ನು ಒಂದು ಬದಿಗೆ, ಕೆಳಗಿನ ಮೊರಮನ್ನು ಇನ್ನೊಂದು ಬದಿಗೆ ಹಾಕಿ, ಗುಂಡಿಯನ್ನು ತಿಂಗಳ ಮಟ್ಟಿಗೆ ಬಿಸಿಲಿಗೆ ಬಿಡುತ್ತಾರೆ. ಆಮೇಲೆ ಮೇಲ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಇಲ್ಲಿಯವರು ಪೊಯ್ಟಾ ಎಂದು ಕರೆಯುವ ಹೊಳೆದಂಡೆಯ ಮೆಕ್ಕಲು ಮಣ್ಣು, ಒಂದಿಷ್ಟು ಬೇವಿನ ಹಿಂಡಿ ಬೆರೆಸಿ, ನೆಲಕ್ಕಿಂತ ನಾಲ್ಕು ಬೆರಳು ಎತ್ತರಕ್ಕೆ ತುಂಬುತ್ತಾರೆ. ಮೊದಲ ಮಳೆಗೆ ಆ ಮಣ್ಣು ಕುಸಿದು ಸಮನಾಗುತ್ತದೆ. ಸಸಿ ಬರುವುದು ಅದರ ನಂತರ. ಈ ತಾಳ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮಲೆನಾಡಿನ ನಮಗೆ ಇದರ ಅಭ್ಯಾಸವಿಲ್ಲ, ಅಗತ್ಯವೂ ಬಿದ್ದಿರಲಿಲ್ಲ.

ಊರಿನ ಕ್ರಮವನ್ನೇ ಇಲ್ಲಿ ಮಾಡಿದರೆ ಏನಾಗುತ್ತದೆ ಎಂಬುದನ್ನು ಹಲವು ಅಂಗಳಗಳಲ್ಲಿ ಕಂಡಿದ್ದೇನೆ. ಜೂನ್ ಕೊನೆಯಲ್ಲಿ ಹಸಿಯಾದ ಕಪ್ಪು ಮಣ್ಣಿನಲ್ಲಿ ಗುದ್ದಲಿಯಿಂದ ಗುಂಡಿ ತೋಡುವಾಗ ಅದರ ಗೋಡೆಗಳು ಗಿಲಾವು ಮಾಡಿದಂತೆ ನುಣುಪಾಗುತ್ತವೆ. ನೀರು ಆ ಗೋಡೆಯನ್ನು ದಾಟುವುದಿಲ್ಲ, ಎಳೆಯ ಬೇರೂ ದಾಟಲಾರದೆ ಒಳಗೇ ಸುತ್ತುತ್ತದೆ. ಜೋರು ಮಳೆಗೆ ಗುಂಡಿ ಬಾನಿಯಂತೆ ತುಂಬಿ ನಿಂತು ಬೇರು ಕೊಳೆಯುತ್ತದೆ. ಪಿಕಾಸಿಯಿಂದ ಗೋಡೆಯನ್ನು ಅಲ್ಲಲ್ಲಿ ಕೆದಕಿ ಒರಟು ಮಾಡುವುದು, ತಳದ ಮೊರಮನ್ನು ಹಾರೆಯಿಂದ ಸಡಿಲಿಸಿ ನೀರಿಗೆ ದಾರಿ ಬಿಡುವುದು, ಗಿಡವನ್ನು ಸ್ವಲ್ಪ ಏರಿನ ಮೇಲೆ ನಿಲ್ಲಿಸುವುದು, ಇಷ್ಟರಿಂದಲೇ ಅರ್ಧ ಅಪಾಯ ತಪ್ಪುತ್ತದೆ.

ಇನ್ನೊಂದು ತೊಡಕು ನರ್ಸರಿಯ ಚೀಲದೊಳಗಿದೆ. ಸೋಲಾಪುರ ರಸ್ತೆಯ ಉರುಳಿ ಕಾಂಚನ್ ಸುತ್ತಮುತ್ತಲಿನ ನರ್ಸರಿಗಳಿಂದ ತರುವ ಗಿಡಗಳು ಬಹುತೇಕ ಕೆಂಪು ಮಣ್ಣಿನಲ್ಲಿ ಬೆಳೆದಿರುತ್ತವೆ. ಆ ಕೆಂಪು ಉಂಡೆಯನ್ನು ಹಾಗೆಯೇ ಅಂಟು ಕಪ್ಪು ಮಣ್ಣಿನ ನಡುವೆ ಇಟ್ಟರೆ, ಎರಡು ಬಗೆಯ ಮಣ್ಣಿನ ನಡುವೆ ನೀರು ಸಲೀಸಾಗಿ ಹರಿಯುವುದಿಲ್ಲ. ಸುತ್ತಲಿನ ನೆಲ ಒದ್ದೆಯಾಗಿಯೇ ಇದ್ದು ಬೇರು ಕುಳಿತ ಉಂಡೆ ಮಾತ್ರ ಒಣಗುವುದನ್ನು ನಾನು ಕೈಯಿಂದ ಮುಟ್ಟಿ ನೋಡಿದ್ದೇನೆ. ಪಾತಿಗೆ ಎಷ್ಟೇ ನೀರು ಹಾಕಿದರೂ ಗಿಡ ಬಾಡಿಯೇ ಇರುತ್ತದೆ, ಮನೆಯವರು ಇನ್ನಷ್ಟು ನೀರು ಹಾಕುತ್ತಾರೆ. ಗಿಡ ನೆಡುವಾಗ ಚೀಲವನ್ನು ಪೂರ್ತಿಯಾಗಿ ತೆಗೆದು, ಉಂಡೆಯ ಹೊರಮೈಯ ಮಣ್ಣನ್ನು ಒಂದು ಬೆರಳಿನಷ್ಟು ಸಡಿಲಿಸಿ, ತಳದಲ್ಲಿ ಸುರುಳಿ ಸುತ್ತಿದ ಬೇರುಗಳನ್ನು ಹರಿತವಾದ ಚಾಕುವಿನಿಂದ ಕತ್ತರಿಸಿಬಿಡಬೇಕು. ಮೊದಲ ಕೆಲವು ವಾರ ನೀರನ್ನು ಕಾಂಡದ ಹತ್ತಿರ, ಆ ಉಂಡೆಯ ಮೇಲೆಯೇ ಹಾಕಬೇಕು. ಶಿರಸಿಯಲ್ಲಿ ಚೀಲದ ಮಣ್ಣೂ ನೆಲದ ಮಣ್ಣೂ ಒಂದೇ ಆಗಿರುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ. ಕಸಿ ಮಾಡಿದ ಜಾಗ ಮಣ್ಣಿನಿಂದ ಮೇಲಿರಬೇಕು, ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಬೇಕು ಎಂಬುದು ಎಲ್ಲ ಊರಿಗೂ ಒಂದೇ.

ಹಾಗೆಂದು ಪುಣೆಯ ಕ್ರಮವೇ ಎಲ್ಲದರಲ್ಲೂ ಮೇಲು ಎಂದು ನಾನು ಹೇಳುವುದಿಲ್ಲ. ಇಲ್ಲಿಯ ಸೊಸೈಟಿಗಳಲ್ಲಿ ಪ್ರತಿದಿನ ಬೆಳಿಗ್ಗೆ ಅಂಗಳ ಗುಡಿಸಿ, ಉದುರಿದ ಎಲೆಯನ್ನೆಲ್ಲ ಚೀಲಕ್ಕೆ ತುಂಬಿ ಹೊರಗೆ ಸಾಗಿಸುತ್ತಾರೆ, ಇಲ್ಲವೇ ಮೂಲೆಯಲ್ಲಿ ಸುಡುತ್ತಾರೆ. ಗಿಡದ ಬುಡ ಬೋಳಾಗಿ, ಮಾರ್ಚ್ ತಿಂಗಳ ಬಿಸಿಲಿಗೆ ಕಪ್ಪು ಮಣ್ಣು ಬಿರಿದು, ಆ ಬಿರುಕಿನಲ್ಲಿ ಎಳೆಬೇರುಗಳು ಹರಿದುಹೋಗುತ್ತವೆ. ಅಡಿಕೆ ತೋಟಕ್ಕೆ ಸೊಪ್ಪು, ಎಲೆ ತರಲೆಂದೇ ಸೊಪ್ಪಿನ ಬೆಟ್ಟವನ್ನು ಕಾಪಾಡಿಕೊಂಡು ಬಂದ ಉತ್ತರ ಕನ್ನಡದವನಿಗೆ ಇದನ್ನು ನೋಡುವುದೇ ಸಂಕಟ. ಹಣ್ಣಿನ ಗಿಡದ ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲಿನ ಒಂದು–ಒಂದೂವರೆ ಅಡಿಯಲ್ಲೇ ಇರುತ್ತವೆ. ಆ ಪದರ ತಂಪಾಗಿ, ತೇವವಾಗಿ ಇರಬೇಕಾದರೆ ಮೇಲೆ ಒಣ ಎಲೆಯ ಹೊದಿಕೆ ಬೇಕೇ ಬೇಕು. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು, ಪಾತಿಯ ತುಂಬ ಅರ್ಧ ಅಡಿ ದಪ್ಪಕ್ಕೆ ಎಲೆ ಹಾಸಿದರೆ, ಪುಣೆಯ ಬೇಸಿಗೆಯಲ್ಲಿ ನೀರಿನ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ನಮ್ಮ ಊರಿನಿಂದ ಇಲ್ಲಿಗೆ ತರಬೇಕಾದ ಮುಖ್ಯ ಪದ್ಧತಿ ಇದೇ.

ಚಿಕ್ಕ ಗಿಡವನ್ನೇ ನೆಡುವುದು ಎರಡನೆಯದು. ಹೊಸ ಕಟ್ಟಡದ ಮುಂದೆ ಬೇಗ ಹಸಿರು ಕಾಣಬೇಕೆಂದು ಎಂಟು–ಹತ್ತು ಅಡಿ ಎತ್ತರದ, ಆಗಲೇ ಕಾಯಿ ಬಿಟ್ಟ ಚಿಕ್ಕು ಮತ್ತು ಮಾವಿನ ಗಿಡಗಳನ್ನು ದೊಡ್ಡ ಚೀಲಗಳಲ್ಲಿ ಕೊಳ್ಳುವ ರೂಢಿ ಹೆಚ್ಚಾಗಿದೆ. ವರ್ಷಗಟ್ಟಲೆ ಚೀಲದಲ್ಲಿ ಸುತ್ತಿಕೊಂಡ ಬೇರು ನೆಲದಲ್ಲಿ ಚಾಚಿಕೊಳ್ಳಲು ಬಹಳ ಕಾಲ ಹಿಡಿಯುತ್ತದೆ. ಎರಡಡಿಯ ಕಸಿ ಗಿಡ ಕೆಲವೇ ವರ್ಷಗಳಲ್ಲಿ ಅದನ್ನು ಹಿಂದೆ ಹಾಕುವುದನ್ನು ನೋಡಿದವರು ಮತ್ತೆ ದೊಡ್ಡ ಚೀಲದ ಗಿಡವನ್ನು ಕೊಳ್ಳುವುದಿಲ್ಲ.

ಇನ್ನು ನೆಲದಲ್ಲಿ ಬೆಳೆದ ಗಿಡವನ್ನು ಕಿತ್ತು ಸಾಗಿಸುವ ವಿಷಯ. ಎಲ್ಲ ಹಣ್ಣಿನ ಗಿಡಗಳೂ ಇದಕ್ಕೆ ಒಗ್ಗುವುದಿಲ್ಲ. ನಿಂಬೆ, ಪೇರಲ, ದಾಳಿಂಬೆ, ಅಂಜೂರಗಳು ತಕ್ಕ ಮಟ್ಟಿಗೆ ತಾಳಿಕೊಳ್ಳುತ್ತವೆ. ಪುಣೆಯ ಅಂಗಳಗಳಲ್ಲಿ ಸಾಮಾನ್ಯವಾಗಿ ಕಾಣುವ ಸರ್ದಾರ್ ಪೇರಲ, 1927ರಲ್ಲಿ ಇದೇ ನಗರದ ಗಣೇಶಖಿಂಡದ ಹಣ್ಣಿನ ಪ್ರಯೋಗ ಕೇಂದ್ರದಲ್ಲಿ ಅಲಹಾಬಾದ್ ಸಫೇದಾ ತಳಿಯಿಂದ ಆಯ್ದು ಬೆಳೆಸಿದ್ದು. ಅದನ್ನು ಗೂಟಿ ಕಟ್ಟಿ, ಅಂದರೆ ಗಿಡದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿ, ಮಾಡಿದ್ದರೆ ತಾಯಿಬೇರೇ ಇರುವುದಿಲ್ಲ, ಹಾಗಾಗಿ ಎತ್ತುವುದು ಸುಲಭ. ಪಪ್ಪಾಯಿ ಬೇರು ಅಲುಗಿದರೆ ಸಹಿಸುವುದಿಲ್ಲ. ಹಲಸು, ಗೇರು, ಬೀಜದಿಂದ ಎದ್ದ ಮಾವು ತಾಯಿಬೇರನ್ನು ಆಳಕ್ಕಿಳಿಸಿ ನಿಂತಿರುತ್ತವೆ. ಅವನ್ನು ದೊಡ್ಡದಾದ ಮೇಲೆ ಕೀಳುವುದೆಂದರೆ ಆ ಬೇರನ್ನು ಕಡಿಯುವುದೆಂದೇ ಅರ್ಥ.

ಒಗ್ಗುವ ಗಿಡಗಳಿಗೂ ಸಿದ್ಧತೆ ಬೇಕು. ಗಿಡವನ್ನು ಕಿತ್ತಾಗ ನೀರು ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ಹಳೆಯ ಜಾಗದಲ್ಲೇ ಉಳಿದುಬಿಡುತ್ತವೆ, ಎಲೆಗಳು ಮಾತ್ರ ಹಿಂದಿನಷ್ಟೇ ನೀರು ಬೇಡುತ್ತವೆ. ಗಿಡ ಸಾಯುವುದು ಈ ಕೊರತೆಯಿಂದ. ಆದ್ದರಿಂದ ಸಾಗಿಸುವುದಕ್ಕೆ ಆರು ತಿಂಗಳು ಮೊದಲೇ, ಕಾಂಡದ ದಪ್ಪದ ಹತ್ತು–ಹನ್ನೆರಡು ಪಟ್ಟು ಅಗಲದ ಒಂದು ವೃತ್ತ ಗುರುತಿಸಿ, ಅದರ ಅರ್ಧ ಸುತ್ತಿಗೆ ಮಾತ್ರ ಒಂದೂವರೆ ಅಡಿ ಆಳದ ಕಾಲುವೆ ತೋಡಬೇಕು. ಅಡ್ಡ ಬಂದ ಬೇರುಗಳನ್ನು ನುಣುಪಾಗಿ ಕತ್ತರಿಸಿ, ಮೆಕ್ಕಲು ಮಣ್ಣು ಮತ್ತು ಹಳೆಯ ಗೊಬ್ಬರದಿಂದ ಕಾಲುವೆಯನ್ನು ಮುಚ್ಚಿ ನೀರು ಕೊಡುತ್ತಿರಬೇಕು. ಎರಡು ತಿಂಗಳು ಕಳೆದ ಮೇಲೆ ಉಳಿದರ್ಧ ಸುತ್ತಿಗೂ ಹಾಗೆಯೇ ಮಾಡಿದರೆ, ಕತ್ತರಿಸಿದ ಬಾಯಿಗಳಿಂದ ಹೊಸ ಬಿಳಿ ಬೇರುಗಳು ಆ ಸಡಿಲ ಮಣ್ಣಿನಲ್ಲಿ ಹುಟ್ಟಿಕೊಂಡು, ಗಿಡ ತನ್ನೊಂದಿಗೆ ಒಯ್ಯಬೇಕಾದ ಬೇರುಗಳನ್ನು ಉಂಡೆಯೊಳಗೇ ಮಾಡಿಕೊಂಡಿರುತ್ತದೆ.

ಕರ್ವೆನಗರದ ಒಂದು ಮನೆಯಲ್ಲಿ ಹೀಗೆ ಸಿದ್ಧಪಡಿಸಿದ ನಿಂಬೆ ಗಿಡವನ್ನು ಎತ್ತುವಾಗ ನಾನು ಜೊತೆಗಿದ್ದೆ. ಕೆಲಸ ಮಾಡಿದವರು ವಿಜಯಪುರದ ಕಡೆಯಿಂದ ಬಂದು ಇಲ್ಲಿ ಬಂಗಲೆಗಳ ತೋಟ ನೋಡಿಕೊಳ್ಳುವ ಹಿರಿಯ ಮಾಲಿ. ಹಿಂದಿನ ದಿನ ಸಂಜೆಯೇ ಬುಡಕ್ಕೆ ನೀರುಣಿಸಿ, ಕೊಂಬೆಗಳಲ್ಲಿ ಮೂರನೇ ಒಂದು ಪಾಲನ್ನು ಸವರಿ, ಕಾಂಡದ ಉತ್ತರ ಬದಿಗೆ ಸುಣ್ಣದ ಬೊಟ್ಟು ಇಟ್ಟಿದ್ದರು. ಹೊಸ ಜಾಗದಲ್ಲೂ ಅದೇ ಮೈ ಉತ್ತರಕ್ಕೆ ಬರಲೆಂದು. ಸುತ್ತ ಅಗೆದು ಉಂಡೆಯನ್ನು ಬಿಡಿಸಿಕೊಂಡ ಮೇಲೆ ಅವರು ಅವಸರ ಮಾಡಲಿಲ್ಲ. ಒದ್ದೆ ಗೋಣಿತಟ್ಟನ್ನು ಉಂಡೆಯ ಒಂದು ಬದಿಯಿಂದ ಅಡಿಗೆ ತೂರಿಸಿ, ಗಿಡವನ್ನು ತುಸು ವಾಲಿಸಿ ಇನ್ನೊಂದು ಬದಿಯಿಂದ ಎಳೆದು, ಸುತಳಿಯಿಂದ ಅಡ್ಡಡ್ಡ ಬಿಗಿದರು. "ಮಣ್ಣ ಒಡೀತಂದ್ರ ಗಿಡ ಹೋತ್ರಿ ಸರ, ಆಮ್ಯಾಲ ಎಷ್ಟ ನೀರ ಹಾಕಿದ್ರೂ ಬದಕಂಗಿಲ್ಲ" ಎಂದು ಹೇಳುತ್ತ, ಕಾಂಡಕ್ಕೆ ಯಾರೂ ಕೈ ಹಚ್ಚಿ ಎತ್ತದಂತೆ ನೋಡಿಕೊಂಡರು. ಐದು ಸೆಂಟಿಮೀಟರ್ ದಪ್ಪದ ಕಾಂಡದ ಗಿಡಕ್ಕೇ ಉಂಡೆ ಎರಡಡಿ ಅಗಲವಾಗುತ್ತದೆ, ತೂಕ 100 ಕಿಲೋ ದಾಟುತ್ತದೆ. ನಾಲ್ಕು ಜನ ಹಲಗೆಯ ಮೇಲೆ ಜಾರಿಸಿ ಟೆಂಪೋಗೆ ಏರಿಸಿದರು. ಜೆಸಿಬಿಯ ಬಕೆಟ್ಟಿನಲ್ಲಿ ಗಿಡವನ್ನು ಅಗೆದು ಸುರಿದು ಸಾಗಿಸಿದ್ದೇವೆ ಎನ್ನುವವರು ಈ ಕೆಲಸವನ್ನು ಒಮ್ಮೆ ನೋಡಬೇಕು.

ಮರ ದೊಡ್ಡದಾಗಿದ್ದರೆ ಕಾನೂನಿನ ಮಾತೂ ಇದೆ. ಮಹಾರಾಷ್ಟ್ರದ ನಗರಗಳಲ್ಲಿ 1975ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮಹಾನಗರಪಾಲಿಕೆಯ ವೃಕ್ಷ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಮರಕ್ಕೆ ಕೈ ಹಚ್ಚುವಂತಿಲ್ಲ, ಅದು ನಮ್ಮದೇ ಅಂಗಳದಲ್ಲಿದ್ದರೂ ಸರಿ. 2021ರ ತಿದ್ದುಪಡಿಯ ನಂತರ 50 ವರ್ಷ ಮೀರಿದ ಮರಗಳನ್ನು ಪಾರಂಪರಿಕ ಮರಗಳೆಂದು ಬೇರೆಯಾಗಿಯೇ ಪರಿಗಣಿಸಲಾಗುತ್ತದೆ. ಪುನರ್ನಿರ್ಮಾಣದ ಕಾಗದಪತ್ರಗಳಲ್ಲಿ ಮರಗಳನ್ನು ಸ್ಥಳಾಂತರಿಸುತ್ತೇವೆ ಎಂಬ ಒಂದು ಸಾಲು ಇರುವುದನ್ನು ಓದಿ ನಿಶ್ಚಿಂತರಾಗುವವರಿಗೆ ನನ್ನ ವಿನಂತಿ ಇಷ್ಟೇ: ಕಾಲುವೆಯನ್ನು ಯಾವ ತಿಂಗಳು ತೋಡುತ್ತೀರಿ, ಹೊಸ ಜಾಗದಲ್ಲಿ ಎರಡು ಬೇಸಿಗೆ ನೀರು ಹಾಕುವವರು ಯಾರು ಎಂದು ಸಭೆಯಲ್ಲಿ ಕೇಳಿ ಬರೆಸಿಕೊಳ್ಳಿ. ನೆಟ್ಟ ಜಾಗ ಹಳೆಯ ಕಟ್ಟಡದ ರಾಡಾರೋಡಾ, ಅಂದರೆ ಒಡೆದ ಅವಶೇಷ, ತುಂಬಿದ ನೆಲವಾಗಿದ್ದರೆ ಸಿಮೆಂಟು ಮತ್ತು ಸುಣ್ಣದ ಅಂಶದಿಂದ ನಿಂಬೆಯ ಎಳೆಯ ಎಲೆ ನರ ಮಾತ್ರ ಹಸಿರಾಗಿ ಉಳಿದು ಹಳದಿಗೆ ತಿರುಗುತ್ತದೆ, ಕಬ್ಬಿಣದ ಅಂಶ ಬೇರಿಗೆ ಸಿಗದಾಗುತ್ತದೆ.

ದೊಡ್ಡ ಮಾವು ಮತ್ತು ಹಲಸನ್ನು ಕೀಳುವ ಪ್ರಯತ್ನವನ್ನೇ ಬಿಡಬೇಕೆಂದು ನಾನು ಹೇಳುತ್ತೇನೆ. ಅಜ್ಜ ನೆಟ್ಟ ಆಪೂಸಿನ ರುಚಿ ಉಳಿಯಬೇಕಾದರೆ ಕಸಿ ಕಟ್ಟಲು ಅದರ ಕಡ್ಡಿ ಸಾಕು. ನಮ್ಮ ಕಡೆ ಹೊಳೆಯಂಚಿನ ಅಪ್ಪೆಮಿಡಿ (ಉಪ್ಪಿನಕಾಯಿಯ ಮಾವಿನ ಮಿಡಿ) ಮರಗಳ ಗುಣವನ್ನು ಮನೆಯ ಹಿತ್ತಿಲಿಗೆ ತಂದದ್ದು ಹೀಗೆಯೇ. ಕೊಂಕಣದವರೂ ಗೊರಟೆಯಿಂದ ಎದ್ದ ಎಳೆಯ ಸಸಿಗೆ ಕಡ್ಡಿ ಕೂಡಿಸುವ ಕಲೆಯಲ್ಲಿ ನುರಿತವರು. ಪೆನ್ಸಿಲ್ ದಪ್ಪದ, ಮೂರು–ನಾಲ್ಕು ತಿಂಗಳು ಬಲಿತ, ತುದಿಮೊಗ್ಗು ಉಬ್ಬಿದ ಕಡ್ಡಿಯನ್ನು ಆರಿಸಿ, ಕತ್ತರಿಸುವುದಕ್ಕೆ ವಾರದ ಮೊದಲು ತೊಟ್ಟು ಉಳಿಸಿ ಎಲೆಗಳನ್ನು ತೆಗೆದು, ಕತ್ತರಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದೆರಡು ದಿನದೊಳಗೆ ಕಸಿಗಾರರ ಕೈಗೆ ತಲುಪಿಸಬೇಕು. ಪೇರಲಕ್ಕೂ ನಿಂಬೆಗೂ ಮಳೆಗಾಲದ ಆರಂಭದಲ್ಲಿ ಗೂಟಿ ಕಟ್ಟಿದರೆ ಎರಡು ತಿಂಗಳಲ್ಲಿ ಬೇರೊಡೆದು, ತಾಯಿಗಿಡ ಉಳಿಯದಿದ್ದರೂ ಅದೇ ಹಣ್ಣಿನ ಹೊಸ ಗಿಡ ಕೈಯಲ್ಲಿರುತ್ತದೆ.

ಮುಂದಿನ ವರ್ಷ ದೀಪಾವಳಿಯ ನಂತರ ಮನೆ ಬಿಟ್ಟುಕೊಡಬೇಕಾದವರು ಈ ಡಿಸೆಂಬರಿನಲ್ಲೇ ಮೊದಲ ಅರ್ಧ ಕಾಲುವೆ ತೋಡಿಸಲಿ, ಫೆಬ್ರವರಿಯಲ್ಲಿ ಇನ್ನರ್ಧ. ಏಪ್ರಿಲಿನಲ್ಲಿ ಹೊಸ ಜಾಗದ ಗುಂಡಿ ಬಿಸಿಲಿಗೆ ತೆರೆದಿರಲಿ. ಆರಿದ್ರಾ ಮಳೆ ನೆಲವನ್ನು ನೆನೆಸಿದ ಮೇಲೆ, ಮೋಡ ಕವಿದ ಒಂದು ಸಂಜೆ ಗಿಡವನ್ನು ಸಾಗಿಸಿ, ಹಿಂದಿದ್ದಷ್ಟೇ ಆಳಕ್ಕೆ ನೆಟ್ಟು, ಗಾಳಿಗೆ ಅಲುಗದಂತೆ ಮೂರು ಕಡೆ ಗೂಟ ಕಟ್ಟಲಿ. ಮೊದಲ ವರ್ಷದ ಹೂವನ್ನು ಕಿತ್ತುಹಾಕಬೇಕು. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಬೆರಳುದ್ದ ಮಣ್ಣು ಕೆದಕಿ ನೋಡಿ, ಒಣಗಿದ್ದರೆ ಮಾತ್ರ ಎರಡು ಕೊಡ ನೀರು ಹಾಕಿದರೆ ಸಾಕು. ಜನವರಿಯಿಂದ ಮೇ ತನಕ ಪಶ್ಚಿಮದ ಬಿಸಿಲಿಗೆ ಹಸಿರು ಬಲೆಯೋ ತೆಂಗಿನ ಗರಿಯೋ ಅಡ್ಡ ಇರಬೇಕು.