ಪಲ್ಟಿ ಬೇರೆ, ಪೆಟ್ಟು ಬೇರೆ

ಪಲ್ಟಿ ಹೊಡೆಯುವ ವುಶು (ಚೀನಾದ ಸಮರಕಲೆ), ಕರಾಟೆ ಎಲ್ಲ ಬರೀ ಸರ್ಕಸ್, ಬೀದಿ ಜಗಳದಲ್ಲಿ ಕೆಲಸಕ್ಕೆ ಬರಲ್ಲ ಅಂತ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ ಸಾರ್. ಆದರೆ ವುಶುವಿನಲ್ಲೇ ಎರಡು ಬಗೆ ಇದೆ. ತಾವೊಲು ಅಂದರೆ ಪ್ರದರ್ಶನ. ಜಿಗಿತ, ಸುತ್ತು, ನೆಲಕ್ಕೆ ಇಳಿಯುವ ರೀತಿ ನೋಡಿ ಅಂಕ ಕೊಡುತ್ತಾರೆ. ಇನ್ನೊಂದು ಸಾಂಡಾ, ಅದರಲ್ಲಿ ಎದುರಾಳಿ ನಿಜವಾಗಲೂ ಒದೆಯುತ್ತಾನೆ, ಎತ್ತಿ ಕೆಡವುತ್ತಾನೆ. ತಾವೊಲು ಆಡುವವರಿಗೆ ಹೊಡೆದಾಟ ಬರಲ್ಲ ಅಂತ ಸುಮ್ನೆ ಬೈಯೋದು ಯಾಕೆ?

ನನ್ನ ತಕರಾರು ಬೋರ್ಡಿನ ಬಗ್ಗೆ. ತುಮಕೂರಿನಲ್ಲಿ ಮಗಳನ್ನು ಸೇರಿಸಿದ್ದ ಕ್ಲಾಸಿನ ಹೊರಗೆ ‘ಆತ್ಮರಕ್ಷಣೆ’ ಅಂತ ದೊಡ್ಡದಾಗಿ ಬರೆದಿತ್ತು. ಒಳಗೆ ನೋಡಿದರೆ ವಾರ್ಷಿಕೋತ್ಸವಕ್ಕೆ ಹೆಂಚು ಒಡೆಯೋದೇ ಜಾಸ್ತಿ. ಕೈ ಬಿಡಿಸಿಕೊಳ್ಳುವ ಪಟ್ಟು ಹೇಳಿಕೊಟ್ಟಿದ್ದರು, ಆದರೆ ಜೊತೆಗಾತಿ ಮೆತ್ತಗೆ ಹಿಡಿದು ಎಣಿಕೆಗೆ ಸರಿಯಾಗಿ ಬಿಡುತ್ತಿದ್ದಳು. ಮನೆಯಲ್ಲಿ ನಾನು ಮಣಿಕಟ್ಟು ಬಿಗಿಯಾಗಿ ಹಿಡಿದೆ. ಹೆಬ್ಬೆರಳಿನ ಕಡೆಗೇ ತಿರುಗಿಸಿ ಎಳೆದಳು ಪಾಪ, ಕೈ ಬರಲಿಲ್ಲ. ಬಿಡದೇ ಹಿಡಿಯುವವರ ಜೊತೆ ಒಮ್ಮೆಯೂ ಮಾಡಿರಲಿಲ್ಲ ಅಲ್ವಾ!

ಸಾಂಪ್ರದಾಯಿಕ ಅಂದ ಮಾತ್ರಕ್ಕೆ ಗಟ್ಟಿ ಅನ್ನೋದನ್ನೂ ನಾನು ಒಪ್ಪಲ್ಲ. ಬರೀ ಕಟಾ, ಅಂದರೆ ಮೊದಲೇ ಗೊತ್ತು ಮಾಡಿದ ಚಲನೆಗಳನ್ನು ಮಾತ್ರ ಮಾಡಿಸಿದರೆ ಅಲ್ಲೂ ಅದೇ ಕಥೆ. ಗರಡಿ ಮನೆಯ ಕುಸ್ತಿ, ಜೂಡೋದ ರಂದೋರಿ (ಎದುರಾಳಿ ಜೊತೆ ಮುಕ್ತ ಅಭ್ಯಾಸ) ಇವುಗಳಲ್ಲಿ ಎದುರಿನವರು ಸುಲಭಕ್ಕೆ ಬೀಳಲ್ಲ, ಅದಕ್ಕೇ ಪಟ್ಟು ಮೈಗೆ ಹತ್ತುತ್ತದೆ.

ಫೀಸು ಕಟ್ಟುವ ಮುಂಚೆ ಒಂದು ಸಂಜೆ ಕ್ಲಾಸಿನಲ್ಲಿ ಕೂತು ನೋಡಿ. ಜೋರಾಗಿ ಕೂಗೋದು, ಸಂದು ಸಿಕ್ಕರೆ ಓಡೋದು, 112ಕ್ಕೆ ಫೋನ್ ಮಾಡೋದು ಇದನ್ನೆಲ್ಲ ಹೇಳಿಕೊಡ್ತಾರಾ ಅಂತ ಮೇಷ್ಟ್ರನ್ನೇ ಕೇಳಿ.