ಎಡಗೈಗೆ ಮೂವತ್ತು ಕೋಟಿಯೇ?

ಬಾಸ್ಟನ್ನಿನಲ್ಲಿ ತಿಂಗಳ ಬಾಡಿಗೆ ಹೊಂದಿಸಲು ತಿಣುಕಾಡುವ ಮನುಷ್ಯನಿಗೂ ಊರಿನ ಬಾಸ್ಕೆಟ್‌ಬಾಲ್ ತಂಡ ಸೆಲ್ಟಿಕ್ಸ್‌ನ ಮಾಲೀಕರ ಜೇಬಿನ ಬಗ್ಗೆ ವಿಪರೀತ ಕಾಳಜಿ. 2023ರ ಜುಲೈ 25ರಂದು ಆ ಕಾಳಜಿ ಕಟ್ಟೆಯೊಡೆಯಿತು. ತಂಡದ ಆಟಗಾರ ಜೇಲನ್ ಬ್ರೌನ್‌ಗೆ ಐದು ವರ್ಷಕ್ಕೆ 30.4 ಕೋಟಿ ಡಾಲರ್! ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಅಲ್ಲಿಯವರೆಗೆ ಯಾರಿಗೂ ಸಿಗದಷ್ಟು ದೊಡ್ಡ ಒಪ್ಪಂದ. ದುಡ್ಡು ಕೊಡುವವರು ಫೋಟೋಗೆ ನಗುತ್ತಾ ನಿಂತರು. ಅದರಲ್ಲಿ ಒಂದು ಕಾಸೂ ಕೊಡಬೇಕಿಲ್ಲದವರು ತಲೆ ಮೇಲೆ ಕೈ ಹೊತ್ತು ಕೂತರು. ‘ಎಡಗೈಲಿ ಚೆಂಡು ಪುಟಿಸಲು ಬಾರದವನಿಗೆ ಮೂವತ್ತು ಕೋಟಿಯೇ? ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬರ್ಥದ ಮಾತು ಅಲ್ಲಿನ ಇಂಗ್ಲಿಷಿನಲ್ಲಿ ಬೀದಿ ಬೀದಿಯಲ್ಲಿ ಕೇಳಿಬಂತು.

ಆಟಗಾರನ ‘ನಿಜವಾದ ಬೆಲೆ’ ಕಟ್ಟುವುದಕ್ಕೆ ಅಭಿಮಾನಿಗಳ ಬಳಿ ಒಂದು ಶಾಸ್ತ್ರವೇ ಇದೆ. ಮೊದಲ ವಿಧಿ: ಅವನ ಜೀವಮಾನದ ಅತಿ ಕೆಟ್ಟ ಸಂಜೆ ಯಾವುದೆಂದು ಹುಡುಕಿ, ಅದನ್ನೇ ಒರೆಗಲ್ಲು ಮಾಡಿಕೊಳ್ಳಬೇಕು. ಬ್ರೌನ್ ವಿಷಯದಲ್ಲಿ ಹುಡುಕುವ ಶ್ರಮವೂ ಇರಲಿಲ್ಲ. ಅದೇ ವರ್ಷದ ಮೇ 29. ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ಲೀಗಿನ ಪೂರ್ವ ಭಾಗದ ಫೈನಲ್‌ನ ಏಳನೇ ಪಂದ್ಯ, ಎದುರಿಗೆ ಮಯಾಮಿ ಹೀಟ್ ತಂಡ. ನಾಲ್ಕು ಪಂದ್ಯ ಮೊದಲು ಗೆದ್ದವರದ್ದು ಸರಣಿ. 0–3ರಿಂದ ಹಿಂದಿದ್ದ ಸೆಲ್ಟಿಕ್ಸ್ ಪವಾಡದಂತೆ 3–3 ಮಾಡಿಕೊಂಡು ತವರಿಗೆ ಬಂದಿತ್ತು. ಆಟ ಶುರುವಾದ ಮೊದಲ ಸುತ್ತಿನಲ್ಲೇ ತಂಡದ ಇನ್ನೊಬ್ಬ ಮುಖ್ಯ ಆಟಗಾರ ಜೇಸನ್ ಟೇಟಮ್ ಕಾಲು ಉಳುಕಿತು. ಭಾರವೆಲ್ಲ ಬ್ರೌನ್ ಹೆಗಲಿಗೆ ಬಿತ್ತು. ಎಸೆದ 23 ಎಸೆತಗಳಲ್ಲಿ ಬುಟ್ಟಿಗೆ ಬಿದ್ದವು 8, ದೂರದಿಂದ ಎಸೆದ ಮೂರು ಅಂಕದ 9ರಲ್ಲಿ 1. ಎದುರಾಳಿಗೆ ಚೆಂಡು ಒಪ್ಪಿಸಿ ಬಂದದ್ದು, ಅಂದರೆ ಟರ್ನೋವರ್, 8. ಸೆಲ್ಟಿಕ್ಸ್ 84–103ರಿಂದ ಮುಗ್ಗರಿಸಿತು.

ಎಡಗೈ ಪುರಾಣ ಇಲ್ಲಿ ಬರುತ್ತದೆ, ಮತ್ತು ಅದು ಪೂರ್ತಿ ಕಟ್ಟುಕತೆಯಲ್ಲ. ಎದುರಾಳಿ ಬ್ರೌನ್‌ನ ಬಲಮಗ್ಗುಲಿಗೆ ಅಂಟಿಕೊಂಡು ನಿಲ್ಲುತ್ತಾನೆ, ಎಡದ ದಾರಿಯನ್ನು ಬೇಕೆಂದೇ ಖಾಲಿ ಬಿಡುತ್ತಾನೆ. ಬ್ರೌನ್ ಚೆಂಡನ್ನು ಎಡಗೈಗೆ ಬದಲಿಸುತ್ತಾನೆ. ಬಲಗೈಯಲ್ಲಿ ತಗ್ಗಾಗಿ ಪುಟಿಯುತ್ತಿದ್ದ ಚೆಂಡು ಎಡಗೈಯಲ್ಲಿ ಸೊಂಟದ ಮೇಲಕ್ಕೆ ಏಳುತ್ತದೆ. ಎತ್ತರಕ್ಕೆ ಪುಟಿದ ಚೆಂಡು ನೆಲ ಮುಟ್ಟಿ ಅಂಗೈಗೆ ಮರಳಲು ಅರೆಗಳಿಗೆ ಹೆಚ್ಚು ಬೇಕು. ಅಷ್ಟರಲ್ಲಿ ಪಕ್ಕದ ಡಿಫೆಂಡರ್ ತನ್ನವನನ್ನು ಬಿಟ್ಟು ಒಂದೇ ಒಂದು ಹೆಜ್ಜೆ ಒಳಗಿಟ್ಟು ಕೈ ಹಾಕಿದರೆ ಮುಗಿಯಿತು. ದೋಷ ಹೌದು. ಆ ಏಪ್ರಿಲ್‌ನಲ್ಲಿ ಗಿಡಕ್ಕೆ ನೀರು ಹಾಕಲು ಹೋಗಿ ಹೂದಾನಿ ಒಡೆದು ಬ್ರೌನ್ ಕೈ ಕೊಯ್ದುಕೊಂಡು ಹೊಲಿಗೆ ಹಾಕಿಸಿಕೊಂಡಿದ್ದ. ಕೊಯ್ದದ್ದು ಬಲಗೈ! ಒರೆಗಲ್ಲು ಹಿಡಿದವರ ಟಿಪ್ಪಣಿಯಲ್ಲಿ ಈ ಹೊಲಿಗೆಗೆ ಜಾಗ ಸಿಗಲಿಲ್ಲ.

ಎರಡನೇ ವಿಧಿ ಇನ್ನೂ ಸುಲಭ: ಬೆಲೆ ಹೇಗೆ ನಿಗದಿಯಾಗುತ್ತದೆ ಎಂಬುದನ್ನು ಯಾವ ಕಾರಣಕ್ಕೂ ತಿಳಿದುಕೊಳ್ಳಬಾರದು. ಇದು ಐಪಿಎಲ್ ಹರಾಜಲ್ಲ, ಯಾರೋ ಪ್ಯಾಡಲ್ ಎತ್ತಿ ಬೆಲೆ ಏರಿಸಲಿಲ್ಲ. ಎನ್‌ಬಿಎಯಲ್ಲಿ ಒಬ್ಬ ಆಟಗಾರನ ಗರಿಷ್ಠ ಸಂಬಳ ಸ್ಯಾಲರಿ ಕ್ಯಾಪ್‌ನ, ಅಂದರೆ ತಂಡವೊಂದರ ಒಟ್ಟು ಸಂಬಳಕ್ಕೆ ಲೀಗ್ ಪ್ರತಿ ವರ್ಷ ಹಾಕುವ ಮಿತಿಯ, ಶೇಕಡಾವಾರು ಲೆಕ್ಕ. ಆರು ವರ್ಷದವರೆಗೆ ಆಡಿದವನಿಗೆ ಶೇ 25, ಏಳರಿಂದ ಒಂಬತ್ತು ವರ್ಷ ಆಡಿದವನಿಗೆ ಶೇ 30, ಹತ್ತು ದಾಟಿದವನಿಗೆ ಶೇ 35. ಏಳೆಂಟು ವರ್ಷದಲ್ಲೇ ಆ 35ಕ್ಕೆ ಹಾರಲು ಒಂದು ಏಣಿ ಇದೆ, ಸೂಪರ್‌ಮ್ಯಾಕ್ಸ್. ತನ್ನನ್ನು ಬೆಳೆಸಿದ ತಂಡದಲ್ಲೇ ಇರಬೇಕು, ಹಿಂದಿನ ಋತುವಿನಲ್ಲಿ ಆಲ್-ಎನ್‌ಬಿಎ ಎಂಬ, ಇಡೀ ಲೀಗಿನ ಶ್ರೇಷ್ಠ ಆಟಗಾರರ ಪಟ್ಟಿಯಲ್ಲಿ ಹೆಸರು ಬಂದಿರಬೇಕು ಅಥವಾ ಅದಕ್ಕೆ ಸಮನಾದ ಪ್ರಶಸ್ತಿ ಇರಬೇಕು. ಬ್ರೌನ್ 2022–23ರಲ್ಲಿ ಪಂದ್ಯಕ್ಕೆ ಸರಾಸರಿ 26.6 ಅಂಕ ಗಳಿಸಿ ಎರಡನೇ ಆಲ್-ಎನ್‌ಬಿಎ ತಂಡಕ್ಕೆ ಆಯ್ಕೆಯಾದ. ಆ ಆಯ್ಕೆ ಮಾಡುವವರು ಪತ್ರಕರ್ತರು ಮತ್ತು ಪ್ರಸಾರಕರು. ‘ಮೂವತ್ತು ಕೋಟಿ ದಂಡ’ ಎಂದು ಅಂಕಣ ಬರೆಯುವ ಜಾತಿಯವರೇ ಮತ ಹಾಕಿ ಬಾಗಿಲು ತೆರೆದುಕೊಟ್ಟರು. ಸೆಲ್ಟಿಕ್ಸ್ ಆಡಳಿತಕ್ಕೆ ಉಳಿದಿದ್ದ ಚೌಕಾಸಿ ಶೇ 30 ಮತ್ತು 35ರ ನಡುವಿನದು ಮಾತ್ರ.

ಇನ್ನು ಆ 30.4 ಕೋಟಿ. ಈ ಗದ್ದಲದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ ಸಂಖ್ಯೆ, ಏಕೆಂದರೆ ಅಂಥದ್ದೊಂದು ಮೊತ್ತ ಎಂದೂ ಇರಲೇ ಇಲ್ಲ. ಸಹಿ ಬಿದ್ದದ್ದು 2023ರಲ್ಲಿ, ಒಪ್ಪಂದ ಶುರುವಾಗುವುದು 2024–25ರಲ್ಲಿ. ಆ ವರ್ಷದ ಕ್ಯಾಪ್ ಎಷ್ಟೆಂದು ಆಗಿನ್ನೂ ನಿರ್ಧಾರವಾಗಿರಲಿಲ್ಲ. ವರದಿಗಾರರು 2023–24ರ 13.6 ಕೋಟಿಗೆ ನಿಯಮ ಒಪ್ಪುವ ಗರಿಷ್ಠ ಏರಿಕೆ ಶೇ 10 ಸೇರಿಸಿ 14.96 ಕೋಟಿ ಅಂದುಕೊಂಡರು. ಅದರ ಶೇ 35 ಎಂದರೆ 5.24 ಕೋಟಿ. ಮೊದಲ ವರ್ಷದ ಸಂಬಳದ ಶೇ 8ರಷ್ಟು ಪ್ರತಿ ವರ್ಷ ಸೇರಿಸುತ್ತಾ ಹೋಗಬೇಕು. ಇದು ಚಕ್ರಬಡ್ಡಿಯಲ್ಲ, ಪ್ರತಿ ಸಲವೂ ಮೊದಲ ವರ್ಷದ ಶೇ 8 ಮಾತ್ರ. ಐದು ವರ್ಷದ್ದು ಕೂಡಿದರೆ ಮೊದಲ ವರ್ಷದ 5.8 ಪಟ್ಟು. 5.24 ಗುಣಿಸು 5.8, ಹತ್ತಿರ ಹತ್ತಿರ 30.4. ಲೆಕ್ಕ ಸರಿ, ತಳಹದಿ ಗಾಳಿಯಲ್ಲಿ. ಕೊನೆಗೆ ಕ್ಯಾಪ್ ನಿಂತದ್ದು 14.06 ಕೋಟಿಗೆ. ಬ್ರೌನ್‌ನ ಮೊದಲ ವರ್ಷ 4.92 ಕೋಟಿ, ಐದೂ ಸೇರಿ 28.5 ಕೋಟಿ. ಒಂದು ಕೋಟಿ ಎಂಬತ್ತು ಲಕ್ಷಕ್ಕೂ ಹೆಚ್ಚು ಡಾಲರ್ ಸದ್ದಿಲ್ಲದೆ ಆವಿಯಾಯಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ನಮಗೆ ಹೊಸದಲ್ಲ. ಇಲ್ಲಿ ಕುಲಾವಿಯ ಬೆಲೆ ದುಬಾರಿಯಾಯಿತೆಂದು ಒಂದು ವರ್ಷ ಊರೆಲ್ಲ ಕಿತ್ತಾಡಿತು. ಒಪ್ಪಂದದ ಪತ್ರಿಕಾಗೋಷ್ಠಿ ನಡೆದದ್ದು ಅಮೆರಿಕದ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಲ್ಲಿ. ಗುಣಾಕಾರ ಬಲ್ಲವರ ಕೊರತೆಯಂತೂ ಆ ಜಾಗದಲ್ಲಿ ಇರಲಿಕ್ಕಿಲ್ಲ.

‘ಆ ದುಡ್ಡಲ್ಲಿ ಇಬ್ಬರು ಒಳ್ಳೆ ಆಟಗಾರರನ್ನು ತರಬಹುದಿತ್ತು.’ ಈ ವಾದ ಹೂಡುವವರು ತಂಡದ ಬೊಕ್ಕಸವನ್ನು ಮನೆಯ ಸಾಸಿವೆ ಡಬ್ಬಿ ಅಂದುಕೊಂಡಿದ್ದಾರೆ. ಹಾಲಿಗೆ ಕೊಡದಿದ್ದರೆ ತರಕಾರಿಗೆ ಉಳಿಯುತ್ತದೆ! ಎನ್‌ಬಿಎ ಕ್ಯಾಪ್ ಮೆತ್ತನೆಯದು. ತನ್ನದೇ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಕ್ಯಾಪ್ ದಾಟಬಹುದು, ಹೊರಗಿನವನಿಗೆ ದೊಡ್ಡ ಮೊತ್ತ ಕೊಡಲು ದಾಟುವಂತಿಲ್ಲ. ಟೇಟಮ್ ಮತ್ತು ಉಳಿದ ದೊಡ್ಡ ಸಂಬಳಗಳನ್ನು ಬರೆದ ಮೇಲೆ ಹಾಳೆಯಲ್ಲಿ ಉಳಿಯುವುದು ಚಿಲ್ಲರೆ. ಬ್ರೌನ್ ಬಿಟ್ಟುಹೋದರೆ ಅವನ ಸಂಬಳವೂ ಅವನ ಜೊತೆಗೇ ಬಾಗಿಲು ದಾಟುತ್ತದೆ, ಇಬ್ಬರು ಬರುವುದಿಲ್ಲ. ಈ ವಿನಾಯಿತಿಗೆ ಲ್ಯಾರಿ ಬರ್ಡ್ ಹೆಸರೇ ಇದೆ. ಬಾಸ್ಟನ್ನಿನವರು ದೇವರ ಪಟದ ಪಕ್ಕ ಇಡುವಷ್ಟು ದೊಡ್ಡ ಆಟಗಾರ. ಅವನ ಹೆಸರಿನ ನಿಯಮ ಮಾತ್ರ ಅವನ ಊರಿನವರಿಗೇ ಪರಿಚಯವಿಲ್ಲ.

‘ಹಾಗಾದರೆ ನಾಳೆಯೇ ಟ್ರೇಡ್ ಮಾಡಿ ಕೈತೊಳೆದುಕೊಳ್ಳಿ’ ಎಂದವರೂ ಕಮ್ಮಿಯಿರಲಿಲ್ಲ. ಸೂಪರ್‌ಮ್ಯಾಕ್ಸ್‌ಗೆ ಸಹಿ ಹಾಕಿದವನನ್ನು ಒಂದು ವರ್ಷ ಬೇರೆ ತಂಡಕ್ಕೆ ಸಾಗಿಸುವಂತಿಲ್ಲ. 2024ರ ಜುಲೈವರೆಗೂ ಕಾಯಬೇಕು.

ಕಾದರು. 2024ರ ಜುಲೈ ಬರುವ ಹೊತ್ತಿಗೆ ಸೆಲ್ಟಿಕ್ಸ್ 64 ಪಂದ್ಯ ಗೆದ್ದು, ಪ್ಲೇಆಫ್‌ನಲ್ಲಿ ಮೂರೇ ಪಂದ್ಯ ಸೋತು, ಜೂನ್ 17ರಂದು ಡಾಲಸ್ ತಂಡವನ್ನು ಮಣಿಸಿ 18ನೇ ಪ್ರಶಸ್ತಿ ಎತ್ತಿಹಿಡಿದಿತ್ತು. ಕಾನ್ಫರೆನ್ಸ್ ಫೈನಲ್‌ನ ಅತ್ಯುತ್ತಮ ಆಟಗಾರ ಬ್ರೌನ್. ಫೈನಲ್ಸ್‌ನ ಅತ್ಯುತ್ತಮ ಆಟಗಾರನೂ ಬ್ರೌನ್, 11 ಮತಗಳಲ್ಲಿ 7. ಉಳಿದ ನಾಲ್ಕು ಟೇಟಮ್‌ಗೆ. ಜಗಳ ನಿಂತಿತೇ? ‘ಆ ಪ್ರಶಸ್ತಿ ಟೇಟಮ್‌ಗೆ ಸಿಗಬೇಕಿತ್ತು’ ಎಂದು ಹೊಸದಾಗಿ ಶುರುವಾಯಿತು. ಈ ನಡುವೆ ಒಂದು ಸಣ್ಣ ಸಂಗತಿ ಯಾರ ಕಣ್ಣಿಗೂ ಬೀಳಲಿಲ್ಲ. ಆ ಹೊತ್ತಿನವರೆಗೆ ಬ್ರೌನ್ ಹೊಸ ಒಪ್ಪಂದದ ಒಂದು ಡಾಲರನ್ನೂ ಮುಟ್ಟಿರಲಿಲ್ಲ. ಇದನ್ನೆಲ್ಲ ಗೆದ್ದದ್ದು 2019ರ ಹಳೆಯ ಒಪ್ಪಂದದ ಕೊನೆಯ ವರ್ಷದಲ್ಲಿ. ಆ ಒಪ್ಪಂದಕ್ಕೂ ‘ಜಾಸ್ತಿಯಾಯ್ತು’ ಎಂದು ಗೊಣಗಿದವರಿದ್ದರು.

ಜುಲೈ ಮೊದಲ ದಿನವೇ ಟೇಟಮ್‌ಗೆ ಐದು ವರ್ಷಕ್ಕೆ 31.4 ಕೋಟಿ. ಹೊಸ ದಾಖಲೆ. ಒಂದೇ ರಾತ್ರಿಯಲ್ಲಿ ಬ್ರೌನ್ ‘ಅಗ್ಗದ ಮಾಲು’ ಆಗಿಬಿಟ್ಟ. ಆತ ಏನೂ ಮಾಡಿರಲಿಲ್ಲ, ಮಲಗಿದ್ದ ಅಷ್ಟೆ. ಎನ್‌ಬಿಎಯಲ್ಲಿ ಅತಿ ಹೆಚ್ಚು ಸಂಬಳ ಎಂಬುದು ಅತಿ ಶ್ರೇಷ್ಠನಿಗೆ ಸಲ್ಲುವ ಕಿರೀಟವಲ್ಲ, ರೇಷನ್ ಅಂಗಡಿಯ ಸಾಲಿನಲ್ಲಿ ನಿಮ್ಮ ಸರದಿ. ಕ್ಯಾಪ್ ಏರುತ್ತಿರುವವರೆಗೂ ಹಿಂದಿನವನಿಗೆ ಮುಂದಿನವನಿಗಿಂತ ಹೆಚ್ಚು ತೂಗುತ್ತಾರೆ.

ಪಂದ್ಯಕ್ಕೆ ಇಷ್ಟು, ನಿಮಿಷಕ್ಕೆ ಇಷ್ಟು ಎಂದು ಭಾಗಿಸುವವರಿಗಾಗಿ ಸಂಬಳದ ಚೀಟಿಯನ್ನೂ ಬಿಡಿಸಿ ನೋಡೋಣ. 4.92 ಕೋಟಿಯನ್ನು 82 ಪಂದ್ಯಕ್ಕೆ ಹಂಚಿದರೆ ಪಂದ್ಯಕ್ಕೆ ಆರು ಲಕ್ಷ ಡಾಲರ್, ನಿಜ. ಆದರೆ ಚೆಕ್ ಬರುವುದು ಸಾಮಾನ್ಯವಾಗಿ ತಿಂಗಳಿಗೆ ಎರಡು ಸಲ, 24 ಕಂತು, ಕಂತಿಗೆ 20.5 ಲಕ್ಷ. ಅದರಲ್ಲಿ ಶೇ 10 ಎಸ್ಕ್ರೋ ಖಾತೆಗೆ. ಲೀಗಿನ ಆದಾಯದಲ್ಲಿ ಆಟಗಾರರ ಒಟ್ಟು ಪಾಲು ಒಪ್ಪಿದ ಮಿತಿ ದಾಟಿದರೆ ಆ ಹಣ ಮಾಲೀಕರಿಗೇ ವಾಪಸ್. ಕೇಂದ್ರ ತೆರಿಗೆ ಮೇಲಿನ ಹಂತದಲ್ಲಿ ಶೇ 37. ಮ್ಯಾಸಚೂಸೆಟ್ಸ್ ರಾಜ್ಯದ್ದು ಶೇ 5, ಸುಮಾರು ಹತ್ತು ಲಕ್ಷ ಡಾಲರ್ ದಾಟಿದ ಮೇಲೆ ಇನ್ನೂ 4. ಕ್ಯಾಲಿಫೋರ್ನಿಯಾಕ್ಕೆ ಆಡಲು ಹೋದ ದಿನಗಳಿಗೆ ಆ ರಾಜ್ಯವೂ ಕೈ ಚಾಚುತ್ತದೆ. ಏಜೆಂಟ್ ಇದ್ದರೆ ಶೇ 4ರವರೆಗೆ. ಎಲ್ಲ ಕಳೆದು ಅರ್ಧ ಉಳಿದರೆ ಪುಣ್ಯ. ಅಯ್ಯೋ ಪಾಪ ಎನ್ನಬೇಕಿಲ್ಲ. ಭಾಗಾಕಾರ ಮಾಡುವವರು ಯಾವುದನ್ನು ಭಾಗಿಸುತ್ತಿದ್ದೇವೆ ಎಂದಾದರೂ ನೋಡಿಕೊಳ್ಳಲಿ.

ಜಗಳವಾಡಲೇಬೇಕೆಂದಿದ್ದರೆ ಒಂದು ಗಟ್ಟಿ ವಿಷಯ ಕಣ್ಣೆದುರೇ ಇತ್ತು. 2025–26ರಲ್ಲಿ ಬ್ರೌನ್ ಮತ್ತು ಟೇಟಮ್ ಇಬ್ಬರದ್ದೇ ಸೇರಿ 10.7 ಕೋಟಿ, ಕ್ಯಾಪ್ 15.46 ಕೋಟಿ. ಇಬ್ಬರೇ ಹತ್ತಿರ ಹತ್ತಿರ ಶೇ 70 ನುಂಗಿದ ಮೇಲೆ ಉಳಿದ ಹದಿಮೂರು ಜನಕ್ಕೆ ಎಲ್ಲಿಂದ? ತಂಡದ ಒಟ್ಟು ಸಂಬಳಕ್ಕೆ ಕ್ಯಾಪ್‌ಗಿಂತ ಮೇಲೆ ಎಳೆದ ಸೆಕೆಂಡ್ ಏಪ್ರನ್ ಎಂಬ ಗೆರೆ ಆ ವರ್ಷ 20.8 ಕೋಟಿ. ಅದನ್ನು ದಾಟಿದ ತಂಡ ಟ್ರೇಡ್‌ನಲ್ಲಿ ಇಬ್ಬರ ಸಂಬಳ ಕೂಡಿಸಿ ಒಬ್ಬನನ್ನು ತರುವಂತಿಲ್ಲ, ಏಳು ವರ್ಷದಾಚೆಯ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಯೂ, ಅಂದರೆ ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿಯೂ, ಟ್ರೇಡ್ ಮಾಡಲಾಗದಂತೆ ಬೀಗಕ್ಕೆ ಬೀಳುತ್ತದೆ. ಜೊತೆಗೆ ಹೆಚ್ಚು ಸಂಬಳ ಕೊಡುವ ತಂಡಗಳ ಮೇಲೆ ಲೀಗ್ ಹೇರುವ, ವರ್ಷವರ್ಷ ಬಿಗಿಯಾಗುವ ಐಷಾರಾಮಿ ತೆರಿಗೆ. 2025ರ ಜೂನ್‌ನಲ್ಲಿ ತಂಡದ ಜ್ರೂ ಹಾಲಿಡೇ ಪೋರ್ಟ್‌ಲೆಂಡಿಗೆ, ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಅಟ್ಲಾಂಟಾಕ್ಕೆ ಹೋದದ್ದರ ಹಿಂದೆ ಇದೇ ಲೆಕ್ಕ. ಎರಡು 35 ಒಂದೇ ಮನೆಯಲ್ಲಿ ಬಾಳಬಹುದೇ ಎಂಬುದು ಬುದ್ಧಿಗೆ ಕೆಲಸ ಕೊಡುವ ಪ್ರಶ್ನೆ. ಅದಕ್ಕೆ ತೆರಿಗೆಯ ಕೋಷ್ಟಕ ಓದಬೇಕು. ಎಡಗೈಗೆ ಅದರ ಅಗತ್ಯವಿಲ್ಲ, ವಿಡಿಯೋ ತುಣುಕು ಸಾಕು.

ಅಂದಹಾಗೆ, ಜೇಬು ಖಾಲಿಯಾದೀತೆಂದು ಊರೆಲ್ಲ ನಿದ್ದೆಗೆಟ್ಟ ಆ ಮಾಲೀಕರು 2002ರಲ್ಲಿ ತಂಡ ಕೊಂಡದ್ದು 36 ಕೋಟಿ ಡಾಲರಿಗೆ. 2025ರಲ್ಲಿ ಮಾರಲು ಒಪ್ಪಿದ್ದು 610 ಕೋಟಿಗೆ. ‘ಹದಿನೇಳು ಪಟ್ಟು ಬಾಳುತ್ತದೆಯೇ?’ ಎಂದು ಯಾವ ಪಬ್ಬಿನಲ್ಲೂ ಗ್ಲಾಸು ಕುಟ್ಟಿದ ಸದ್ದು ಕೇಳಲಿಲ್ಲ. ಕೊಂಡವರಾಗಲಿ ಮಾರಿದವರಾಗಲಿ ಎಡಗೈಲಿ ಚೆಂಡು ಪುಟಿಸಿ ತೋರಿಸಬೇಕೆಂದು ಯಾರೂ ಕೇಳಲಿಲ್ಲ. ಎಲ್ಲರೂ 2028–29ರ ಕಂತು ಎಣಿಸುವುದರಲ್ಲಿದ್ದರು: ಆ ವರ್ಷ ಬ್ರೌನ್‌ಗೆ 32 ತುಂಬುತ್ತದೆ, ಸಂಬಳ 6.5 ಕೋಟಿ, ಎಡಗೈಗೂ ಅಷ್ಟೇ ವಯಸ್ಸಾಗಿರುತ್ತದೆ.